ಒಂದೇ ಎಂಜೈಮ್: ಮಗನ ಬೆನ್ನುನೋವಿಗೂ ಅಕ್ಕನ ಕ್ಯಾನ್ಸರಿಗೂ ಏನು ಸಂಬಂಧ?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನವರು, ಅಡಿಕೆ ತೋಟ ಇದೆ. ಮಗನಿಗೆ 26 ವರ್ಷ. ಎರಡು ವರ್ಷದಿಂದ ಸೊಂಟ, ಬೆನ್ನು ನೋವು. ಬೆಳಗ್ಗೆ ಎದ್ದ ಮೇಲೆ ಒಂದು ಗಂಟೆ ಬಗ್ಗಲು ಆಗುವುದಿಲ್ಲ. ಎಚ್‌ಎಲ್‌ಎ-ಬಿ27 ಪಾಸಿಟಿವ್ ಬಂದಿದೆ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದಿದ್ದಾರೆ. ನನ್ನ ಅಕ್ಕನಿಗೆ ಬಾಯಿ ಕ್ಯಾನ್ಸರ್. ಆಪರೇಷನ್ ಆಗಿ, ಕರೆಂಟ್ ಕೊಟ್ಟ ಮೇಲೂ ಮತ್ತೆ ಬಂದಿದೆ. ಈಗ ಇಮ್ಯುನೊಥೆರಪಿ ಶುರು ಮಾಡೋಣ ಎನ್ನುತ್ತಿದ್ದಾರೆ. ಬೆಂಗಳೂರಿನಲ್ಲಿ ಬಯೋಟೆಕ್ ಓದುತ್ತಿರುವ ಅಣ್ಣನ ಮಗಳು, ಎರಡಕ್ಕೂ ಇರಾಪ್-1 ಎಂಬ ಒಂದೇ ಎಂಜೈಮ್ ಕಾರಣವಂತೆ, ಅದರ ಜೀನ್ ಪರೀಕ್ಷೆ ಮಾಡಿಸಿ ಎಂದಳು. ಹೌದೇ? ಎಂಜೈಮ್ ಮಾತ್ರೆ ತಿಂದರೆ ಸರಿಹೋಗುತ್ತದೆಯೇ? ಇಮ್ಯುನೊಥೆರಪಿ ಕೊಟ್ಟರೆ ಅಕ್ಕನಿಗೂ ಮಗನಿಗೆ ಬಂದಂಥ ಕಾಯಿಲೆ ಬರಬಹುದೇ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಇರಾಪ್-1 ಎರಡೂ ಕಡೆ ಕೈಯಾಡಿಸುತ್ತದೆ ಎನ್ನುವುದು ನಿಜ, ಎರಡಕ್ಕೂ ಅದೇ ಕಾರಣ ಎನ್ನುವುದು ಸರಿಯಲ್ಲ. ಅದರ ಜೀನ್ ಪರೀಕ್ಷೆಗೆ ದುಡ್ಡು ಹಾಕಬೇಡಿ. ಫಲಿತಾಂಶ ಏನೇ ಬಂದರೂ ಇವತ್ತಿನ ಚಿಕಿತ್ಸೆಯಲ್ಲಿ ಒಂದು ಮಾತ್ರೆಯೂ ಬದಲಾಗುವುದಿಲ್ಲ. ಅಂಗಡಿಯ ಎಂಜೈಮ್ ಮಾತ್ರೆಗೂ ಈ ಎಂಜೈಮಿಗೂ ಯಾವ ಸಂಬಂಧವೂ ಇಲ್ಲ. ಇಮ್ಯುನೊಥೆರಪಿ (ದೇಹದ ಕಾವಲು ಕೋಶಗಳನ್ನೇ ಗಡ್ಡೆಯ ಮೇಲೆ ಬಿಡುವ ಚಿಕಿತ್ಸೆ) ಬಗ್ಗೆ ನೀವು ಕೇಳಿದ್ದರಲ್ಲಿ ಮಾತ್ರ ಹುರುಳಿದೆ. ಆ ಭಾಗವನ್ನು ಅಕ್ಕನವರ ಜೊತೆಗಿರುವ ಮನೆಮಂದಿಯೆಲ್ಲ ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ಇನ್ನು ಆ ಎಂಜೈಮ್ ಮಾಡುವುದೇನು ಎಂದು ನೋಡೋಣ. ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶವೂ ತನ್ನೊಳಗಿನ ಹಳೆಯ, ಕೆಟ್ಟ ಪ್ರೋಟೀನುಗಳನ್ನು ಕತ್ತರಿಸುತ್ತಲೇ ಇರುತ್ತದೆ. ಆ ಚೂರುಗಳಲ್ಲಿ ಕೆಲವನ್ನು ತನ್ನ ಮೈಮೇಲೆ ತಂದು ತೋರಿಸುತ್ತದೆ. ಅಡಿಕೆ ಮಂಡಿಯಲ್ಲಿ ಚೀಲದಿಂದ ಒಂದು ಹಿಡಿ ಮಾದರಿ ತೆಗೆದಿಟ್ಟರೆ, ಒಳಗಿರುವುದು ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ವ್ಯಾಪಾರಿ ಹೇಳುತ್ತಾರಲ್ಲ, ದೇಹದ ಕಾವಲು ಕೋಶಗಳಾದ ಟಿ ಕೋಶಗಳು ಮಾಡುವುದೂ ಅದನ್ನೇ. ಅವು ಜೀವಕೋಶದೊಳಗೆ ಇಣುಕುವುದಿಲ್ಲ, ಹೊರಗಿಟ್ಟ ಮಾದರಿ ನೋಡಿ ತೀರ್ಮಾನ ಮಾಡುತ್ತವೆ. ಮಂಗನ ಕಾಯಿಲೆಯ ವೈರಸ್ ಹೊಕ್ಕ ಕೋಶವಾದರೆ ಮಾದರಿಯಲ್ಲಿ ವೈರಸ್ಸಿನ ಚೂರು ಕಾಣುತ್ತದೆ. ಕ್ಯಾನ್ಸರ್ ಕೋಶವಾದರೆ ಹಾದಿ ತಪ್ಪಿದ ಪ್ರೋಟೀನಿನ ಚೂರು ಕಾಣಬಹುದು. ಆರೋಗ್ಯವಾಗಿರುವ ಕೋಶವಾದರೆ ಬರೀ ನಮ್ಮದೇ ಚೂರುಗಳು. ಇವನ್ನು ಹಿಡಿದು ತೋರಿಸುವ ಪ್ರೋಟೀನಿನ ಹೆಸರೇ ಎಚ್‌ಎಲ್‌ಎ. ಜನರಲ್ಲಿ ಅದರ ಸಾವಿರಾರು ಬಗೆಗಳಿವೆ, ಬಿ27 ಅದರಲ್ಲೊಂದು. ಬಿ27 ಎನ್ನುವುದು ಕಾಯಿಲೆಯ ಹೆಸರಲ್ಲ, ರಕ್ತದ ಗುಂಪು ಇದ್ದ ಹಾಗೆ ಹುಟ್ಟಿನಿಂದ ಬಂದದ್ದು.

ಮಾದರಿ ತಯಾರಾಗುವಾಗ ಹಲವು ಕೈ ದಾಟುತ್ತದೆ. ಪ್ರಯೋಗಾಲಯಗಳಲ್ಲಿ ಬಹಳ ಕಾಲದಿಂದ ಬಳಸುತ್ತಿರುವ ಕೋಳಿಮೊಟ್ಟೆಯ ಓವಾಲ್ಬುಮಿನ್ ಎಂಬ ಪ್ರೋಟೀನನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪ್ರೋಟೀನೆಂಬ ಸರದ ಮಣಿಗಳೇ ಅಮೈನೊ ಆಮ್ಲಗಳು; ಒಂದೊಂದು ಅಮೈನೊ ಆಮ್ಲಕ್ಕೂ ಒಂದೊಂದು ಅಕ್ಷರ ಇಟ್ಟು ಬರೆದರೆ ಅದರಲ್ಲಿ ಎಲ್-ಇ-ಕ್ಯೂ-ಎಲ್-ಇ-ಎಸ್-ಐ-ಐ-ಎನ್-ಎಫ್-ಇ-ಕೆ-ಎಲ್ ಎಂಬ 13 ಅಕ್ಷರದ ತುಂಡು ಬರುತ್ತದೆ. ಪ್ರೋಟಿಯಾಸೋಮ್ ಎಂಬ ದೊಡ್ಡ ಎಂಜೈಮು ಪ್ರೋಟೀನನ್ನು ಕತ್ತರಿಸಿ, ಕೊನೆಯ ‘ಎಲ್’ ಎಲ್ಲಿ ನಿಲ್ಲಬೇಕೋ ಅಲ್ಲಿಗೆ ನಿಲ್ಲಿಸುತ್ತದೆ. ಬಲತುದಿ ಅಲ್ಲಿಗೆ ಖಾಯಂ. ಬಳಿಕ ಟ್ಯಾಪ್ ಎಂಬ ಸಾಗಣೆ ಪ್ರೋಟೀನು ತುಂಡನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ ಎಂಬ ಒಳಕೋಣೆಗೆ ಸಾಗಿಸುತ್ತದೆ. ಅದು ಇಷ್ಟಪಟ್ಟು ಸಾಗಿಸುವುದು 8ರಿಂದ 16 ಅಕ್ಷರದ ತುಂಡುಗಳನ್ನು. ಇರಾಪ್-1 ಇರುವುದು ಈ ಒಳಕೋಣೆಯಲ್ಲಿ. ಅದು ಎಡತುದಿಯಿಂದ ಒಂದೊಂದೇ ಅಕ್ಷರ ಬಿಡಿಸುತ್ತ ಬರುತ್ತದೆ: ಎಲ್ ಹೋಯಿತು, ಇ ಹೋಯಿತು, ಕ್ಯೂ, ಎಲ್, ಇ ಹೋದವು. ಉಳಿದದ್ದು ಎಸ್-ಐ-ಐ-ಎನ್-ಎಫ್-ಇ-ಕೆ-ಎಲ್, 8 ಅಕ್ಷರ. ಇಲಿಯ ಒಂದು ಬಗೆಯ ಹಿಡಿಯುವ ಪ್ರೋಟೀನಿಗೆ ಇದು ಅಚ್ಚುಕಟ್ಟಾಗಿ ಕೂರುತ್ತದೆ. ಇನ್ನೊಂದೇ ಅಕ್ಷರ ಕತ್ತರಿಸಿ ‘ಎಸ್’ ತೆಗೆದುಬಿಟ್ಟರೆ ಹಿಡಿತ ತಪ್ಪುತ್ತದೆ, ಮಾದರಿ ಹೊರಗೆ ಬರುವುದೇ ಇಲ್ಲ. ಒಂದು ಅಕ್ಷರ ಕಡಿಮೆ ಕತ್ತರಿಸಿದರೆ 9 ಅಕ್ಷರದ ಬೇರೆಯೇ ಚೂರು ಉಳಿಯುತ್ತದೆ, ಅದು ಇನ್ನೊಂದು ಬಗೆಯ ಎಚ್‌ಎಲ್‌ಎಗೆ ಹೊಂದಬಹುದು. ಒಂದು ಅಕ್ಷರದ ಆಚೀಚೆಯಲ್ಲಿ ಟಿ ಕೋಶಕ್ಕೆ ಕಾಣುವ ಲೋಕವೇ ಬದಲಾಗುತ್ತದೆ. ನೀವು ಕೇಳಿದ ಇಡೀ ವಿಷಯದ ತಿರುಳು ಇಲ್ಲಿದೆ.

ಈ ಎಂಜೈಮಿಗೆ ಉದ್ದ ಅಳೆಯುವ ಗುಣವೂ ಇದೆ. 9ರಿಂದ 16 ಅಕ್ಷರದ ತುಂಡುಗಳನ್ನು ಚೆನ್ನಾಗಿ ಕತ್ತರಿಸುತ್ತದೆ, 8-9ಕ್ಕೆ ಬಂದಾಗ ನಿಧಾನವಾಗುತ್ತದೆ. ಎರಡನೆಯ ಅಕ್ಷರ ಪ್ರೋಲಿನ್ ಎಂಬ ಅಮೈನೊ ಆಮ್ಲದ್ದಾಗಿದ್ದರೆ ಅಲ್ಲಿಂದ ಮುಂದೆ ಹೋಗಲಾರದು. ಪಕ್ಕದಲ್ಲಿ ಇರಾಪ್-2 ಎಂಬ ತಮ್ಮನೂ ಇದ್ದಾನೆ. ಇರಾಪ್-1ಕ್ಕೆ ಲ್ಯೂಸಿನ್‌ನಂಥ (ಮೇಲಿನ ‘ಎಲ್’) ಅಕ್ಷರಗಳೆಂದರೆ ಇಷ್ಟ, ಇರಾಪ್-2ಕ್ಕೆ ಆರ್ಜಿನಿನ್, ಲೈಸಿನ್. ಎರಡರ ಜೀನೂ 5ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತಿವೆ. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಪೂರ್ಣ ಇರಾಪ್-2 ತಯಾರಾಗುವುದೇ ಇಲ್ಲ, ಆದರೂ ಅವರು ಆರೋಗ್ಯವಾಗಿಯೇ ಇರುತ್ತಾರೆ. ಜೀನ್ ರಿಪೋರ್ಟಿನಲ್ಲಿ ‘ಇರಾಪ್-2 ಇಲ್ಲ’ ಎಂದು ಓದಿ ಗಾಬರಿಯಾಗುವವರಿಗೆ ಇಷ್ಟು ಗೊತ್ತಿದ್ದರೆ ಸಾಕು.

ಮಗನ ಕಾಯಿಲೆಗೆ ಬರೋಣ. ಬಿ27ಕ್ಕೂ ಈ ಬೆನ್ನುಮೂಳೆ ಕಾಯಿಲೆಗೂ ನಂಟಿದೆ ಎಂದು ಗೊತ್ತಾದದ್ದು 1973ರಲ್ಲಿ. ಇರಾಪ್-1ರ ನಂಟು ಹೊರಬಿದ್ದದ್ದು 2007ರಲ್ಲಿ. ಇರಾಪ್-1ರ 528ನೇ ಸ್ಥಾನದಲ್ಲಿ ಕೆಲವರಿಗೆ ಲೈಸಿನ್ ಇರುತ್ತದೆ, ಕೆಲವರಿಗೆ ಆರ್ಜಿನಿನ್. ಲೈಸಿನ್ ಇದ್ದರೆ ಎಂಜೈಮು ಚುರುಕು, ಕಾಯಿಲೆಯ ಸಂಭವ ಸ್ವಲ್ಪ ಹೆಚ್ಚು. ಆರ್ಜಿನಿನ್ ಇದ್ದರೆ ಎಂಜೈಮು ನಿಧಾನ, ಸಂಭವ ಕಡಿಮೆ. 2011ರಲ್ಲಿ ಬಂದ ಅಧ್ಯಯನ ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿತು: ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದು ಬಿ27 ಇದ್ದವರಲ್ಲಿ. ಬಿ27 ಇಲ್ಲದ ರೋಗಿಗಳಲ್ಲಿ ಇರಾಪ್-1 ಚುರುಕಾಗಿದ್ದರೂ ನಿಧಾನವಾಗಿದ್ದರೂ ಆ ನಂಟು ಕಾಣಲಿಲ್ಲ. (ಬಿ40ರ ಒಂದು ಬಗೆಯಲ್ಲೂ ಇಂಥದೇ ನಂಟು ಆಮೇಲೆ ಸಿಕ್ಕಿತು.) ಅಂದರೆ ಎಂಜೈಮ್ ಒಂದೇ ಏನೂ ಮಾಡುವುದಿಲ್ಲ. ಅದು ಕತ್ತರಿಸಿಟ್ಟದ್ದನ್ನು ಯಾವ ಎಚ್‌ಎಲ್‌ಎ ಎತ್ತಿಕೊಳ್ಳುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಬೆಹ್ಸೆಟ್ ಕಾಯಿಲೆ ನೋಡಿ. ಬಾಯಿಯಲ್ಲಿ ಪದೇಪದೇ ಹುಣ್ಣು, ಕಣ್ಣಿನೊಳಗೆ ಉರಿಯೂತ ಬರುವ ಕಾಯಿಲೆ ಅದು. ಅಲ್ಲಿ ಹಿಡಿಯುವ ಪ್ರೋಟೀನು ಬಿ51. ಟರ್ಕಿಯ ರೋಗಿಗಳಲ್ಲಿ 2013ರಲ್ಲಿ ಕಂಡದ್ದು ಪೂರ್ತಿ ತಿರುಗುಮುರುಗು: ಬಿ51 ಇದ್ದವರಲ್ಲಿ ನಿಧಾನದ ಇರಾಪ್-1 ಇದ್ದರೆ ಕಾಯಿಲೆಯ ಸಂಭವ ಹೆಚ್ಚು. ಒಬ್ಬರನ್ನು ಕಾಪಾಡುವ ಗುಣವೇ ಇನ್ನೊಬ್ಬರಿಗೆ ಅಪಾಯ. ಹಾಗಾಗಿ ‘ಎಂಜೈಮ್ ಜಾಸ್ತಿ ಮಾಡಿಕೊಳ್ಳಿ’, ‘ಇಮ್ಯುನಿಟಿ ಬೂಸ್ಟ್ ಮಾಡಿ’ ಎನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ. ಯಾವುದನ್ನು ಜಾಸ್ತಿ ಮಾಡಿದರೆ ಯಾರಿಗೆ ಒಳ್ಳೆಯದು ಎಂಬ ಪ್ರಶ್ನೆಗೇ ಎಲ್ಲರಿಗೂ ಸಲ್ಲುವ ಒಂದು ಉತ್ತರ ಇಲ್ಲ. ಸೋರಿಯಾಸಿಸ್‌ನಲ್ಲಂತೂ ಸರಪಳಿ ಇನ್ನೂ ಸ್ಪಷ್ಟವಾಗಿದೆ. ಸಿ-06:02 ಎಂಬ ಎಚ್‌ಎಲ್‌ಎ, ಚರ್ಮಕ್ಕೆ ಬಣ್ಣ ಕೊಡುವ ಮೆಲನೊಸೈಟ್ ಕೋಶಗಳಲ್ಲಿನ ಅಡ್ಯಾಮ್‌ಟಿಎಸ್‌ಎಲ್-5 ಎಂಬ ಪ್ರೋಟೀನಿನ ಚೂರನ್ನು ಎತ್ತಿ ತೋರಿಸುತ್ತದೆ. ಆ ಚೂರು ಎಷ್ಟು ತಯಾರಾಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಇರಾಪ್-1 ಎಂದು 2021ರಲ್ಲಿ ತೋರಿಸಲಾಯಿತು.

ಬೆನ್ನುಮೂಳೆ ಕಾಯಿಲೆಯಲ್ಲಿ ಕಥೆ ಇನ್ನೂ ಪೂರ್ತಿ ಬಿಚ್ಚಿಕೊಂಡಿಲ್ಲ. ಬಿ27 ಹಿಡಿದ ಯಾವುದೋ ಸ್ವಂತ ಚೂರು, ಕರುಳಿನ ಬ್ಯಾಕ್ಟೀರಿಯಾದ ಚೂರಿನಂತೆಯೇ ಕಂಡು ಟಿ ಕೋಶ ಮೋಸಹೋಗುತ್ತದೆ ಎನ್ನುವುದು ಒಂದು ವಾದ. ರೋಗಿಗಳ ಟಿ ಕೋಶಗಳ ಗ್ರಾಹಕಗಳನ್ನೇ (ಚೂರನ್ನು ಗುರುತಿಸುವ ಪ್ರೋಟೀನುಗಳನ್ನೇ) ತೆಗೆದು ನೋಡಿದಾಗ ಒಂದೇ ಗ್ರಾಹಕ ಎರಡೂ ಬಗೆಯ ಚೂರನ್ನು ಗುರುತಿಸುವುದು 2022ರಲ್ಲಿ ಕಂಡಿತು. ಅದರಿಂದ ಈ ವಾದಕ್ಕೆ ಬಲ ಬಂದಿದೆ. ಬಿ27 ಸರಿಯಾಗಿ ಮಡಚಿಕೊಳ್ಳದೆ ಒಳಕೋಣೆಯಲ್ಲೇ ಸಿಕ್ಕಿಕೊಂಡು ಕೋಶಕ್ಕೆ ಒತ್ತಡ ತರುತ್ತದೆ ಎನ್ನುವುದು ಎರಡನೆಯದು. ಎರಡು ಬಿ27 ಒಂದಕ್ಕೊಂದು ಅಂಟಿಕೊಂಡು ಹೊರಗೆ ಬಂದು ಬೇರೆ ಕೋಶಗಳನ್ನು ಕೆರಳಿಸುತ್ತವೆ ಎನ್ನುವುದು ಮೂರನೆಯದು. ಸರಿಯಾದ ಚೂರು ಸಿಗದಿದ್ದರೆ ಬಿ27 ಸ್ಥಿರವಾಗಿ ನಿಲ್ಲುವುದಿಲ್ಲವಾದ್ದರಿಂದ ಮೂರರಲ್ಲೂ ಇರಾಪ್-1ಕ್ಕೆ ಜಾಗವಿದೆ. ನನ್ನ ಒಲವು ಮೊದಲನೆಯದರ ಕಡೆಗೆ.

ಇಷ್ಟಾದರೂ ಇರಾಪ್-1ರ ಪಾಲು ಸಣ್ಣದು. ಕಾಯಿಲೆಯ ಸಂಭವವನ್ನು ಬಿ27 ಹತ್ತಾರು ಪಟ್ಟು ಹೆಚ್ಚಿಸುತ್ತದೆ, ಇರಾಪ್-1ರ ಒಂದು ವ್ಯತ್ಯಾಸ ಹೆಚ್ಚಿಸುವುದು ಒಂದೂವರೆ ಪಟ್ಟಿಗೂ ಕಡಿಮೆ. ಅಷ್ಟೊಂದು ಪ್ರಭಾವದ ಬಿ27 ಇದ್ದವರಲ್ಲೂ ಹೆಚ್ಚಿನವರಿಗೆ ಜೀವಮಾನದಲ್ಲಿ ಈ ಕಾಯಿಲೆ ಬರುವುದೇ ಇಲ್ಲ. ಆದ್ದರಿಂದ ಲಕ್ಷಣವಿಲ್ಲದ ತಂಗಿ, ತಮ್ಮ, ಮಕ್ಕಳಿಗೆ ಬಿ27 ಪರೀಕ್ಷೆಯನ್ನೂ ಸುಮ್ಮನೆ ಮಾಡಿಸಬೇಡಿ. 45 ವರ್ಷದೊಳಗೆ ಶುರುವಾಗಿ ಮೂರು ತಿಂಗಳು ಮೀರಿದ, ವಿಶ್ರಾಂತಿಯಲ್ಲಿ ಹೆಚ್ಚಾಗಿ ಓಡಾಡಿದರೆ ಇಳಿಯುವ ಬೆನ್ನುನೋವು ಅವರಿಗೆ ಬಂದರೆ ಆಗ ತೋರಿಸಿ.

ಮಲೆನಾಡಿನವರಿಗೆ ಒಂದು ಮಾತು ಸೇರಿಸಬೇಕು. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಲ್ಲೇ ಕರೆಯುವ ಹಂದಿಗೋಡು ಕಾಯಿಲೆಯಲ್ಲೂ ಸೊಂಟದ ಕೀಲು, ಬೆನ್ನುಮೂಳೆ ಹಾಳಾಗುತ್ತವೆ. ಅದು 1970ರ ದಶಕದಲ್ಲಿ ಬೆಳಕಿಗೆ ಬಂತು. ಆದರೆ ಅದು ಮೂಳೆ ಬೆಳವಣಿಗೆಯದ್ದೇ ವಂಶಪಾರಂಪರ್ಯ ತೊಂದರೆ. ಅಲ್ಲಿ ಟಿ ಕೋಶದ ಪಾತ್ರವೂ ಇಲ್ಲ, ಬಿ27ರ ಪಾತ್ರವೂ ಇಲ್ಲ, ಕೆಳಗೆ ಹೇಳುವ ಇಂಜೆಕ್ಷನ್ನುಗಳಿಂದ ಪ್ರಯೋಜನವೂ ಇಲ್ಲ. ಎರಡನ್ನೂ ಬೇರ್ಪಡಿಸುವುದು ಎಕ್ಸ್‌ರೇ, ಎಂಆರ್‌ಐ ಮತ್ತು ಮನೆತನದ ಚರಿತ್ರೆ.

ಮಗನ ಚಿಕಿತ್ಸೆಯಲ್ಲಿ ಎಡವುವ ಜಾಗಗಳನ್ನಷ್ಟೇ ಹೇಳುತ್ತೇನೆ. ಮೊದಲ ಔಷಧ ನೋವಿನ ಮಾತ್ರೆಯೇ, ಆದರೆ ಪೂರ್ತಿ ಡೋಸಿನಲ್ಲಿ, ಬಿಡದೆ. ಉದಾಹರಣೆಗೆ ನೆಪ್ರೊಕ್ಸೆನ್ 500 ಮಿ.ಗ್ರಾಂ. ದಿನಕ್ಕೆರಡು ಸಲ. ನೋವು ಬಂದ ದಿನ ಒಂದು ನುಂಗಿ, ‘ಕೆಲಸ ಮಾಡಲಿಲ್ಲ’ ಎನ್ನುವುದು ಲೆಕ್ಕಕ್ಕಿಲ್ಲ. ಎರಡು ಬೇರೆ ಬೇರೆ ಮಾತ್ರೆಗಳನ್ನು ಒಂದಾದ ಮೇಲೊಂದರಂತೆ ಒಟ್ಟು ನಾಲ್ಕು ವಾರ ನೋಡಿದ ಮೇಲೆಯೇ ಸೋತಿತು ಎನ್ನಬಹುದು. ಹೊಟ್ಟೆ, ಬಿ.ಪಿ., ಕ್ರಿಯೇಟಿನಿನ್ (ಕಿಡ್ನಿ ಪರೀಕ್ಷೆ) ಮೇಲೆ ಕಣ್ಣಿರಲಿ. ಮೆಥೊಟ್ರೆಕ್ಸೇಟ್ ಬೆನ್ನುಮೂಳೆಗೆ ಕೆಲಸ ಮಾಡುವುದಿಲ್ಲ, ಸ್ಟಿರಾಯ್ಡ್ ಮಾತ್ರೆಯೂ ಅಲ್ಲಿ ಹೆಚ್ಚೇನೂ ಮಾಡುವುದಿಲ್ಲ, ಮೇಲಾಗಿ ಮೂಳೆ ಸವೆಸುತ್ತದೆ. ನೋವಿನ ಮಾತ್ರೆಗೆ ಜಗ್ಗದಿದ್ದರೆ ಟಿಎನ್‌ಎಫ್ ಎಂಬ ಉರಿಯೂತದ ಅಣುವನ್ನು ತಡೆಯುವ ಇಂಜೆಕ್ಷನ್, ಉದಾಹರಣೆಗೆ ಅಡಾಲಿಮುಮ್ಯಾಬ್ 40 ಮಿ.ಗ್ರಾಂ. ಎರಡು ವಾರಕ್ಕೊಮ್ಮೆ. ಭಾರತದಲ್ಲೇ ತಯಾರಾಗುವ ಬಯೋಸಿಮಿಲರ್‌ಗಳು (ಮೂಲ ಔಷಧಕ್ಕೆ ಸರಿಸಮನಾದವು) ಸಿಗುತ್ತವೆ. ಶುರು ಮಾಡುವ ಮುನ್ನ ಎದೆಯ ಎಕ್ಸ್‌ರೇ, ಕ್ಷಯಕ್ಕೆ ಮಾಂಟೂ (ಚರ್ಮದ) ಅಥವಾ ಇಗ್ರಾ (ರಕ್ತದ) ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಮಾಂಟೂ ಉಬ್ಬು 5 ಮಿ.ಮೀ. ಬಂದರೂ ಇವರಿಗೆ ಪಾಸಿಟಿವ್ ಎಂದೇ ಎಣಿಸುತ್ತಾರೆ. ಸುಪ್ತ ಕ್ಷಯ ಇದ್ದರೆ ಅದರ ಔಷಧ ಕನಿಷ್ಠ ಒಂದು ತಿಂಗಳು ನಡೆದ ಮೇಲೆ ಇಂಜೆಕ್ಷನ್. ಟಿಎನ್‌ಎಫ್ ಎಂಬುದು ಕ್ಷಯದ ಕ್ರಿಮಿಯನ್ನು ಗಂಟಿನಲ್ಲಿ ಬಂಧಿಸಿಡುವ ಅಣು. ಅದನ್ನು ತಡೆದರೆ ಗಂಟು ಬಿಚ್ಚಿಕೊಳ್ಳುತ್ತದೆ.

ಈ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಮಳೆಗಾಲದಲ್ಲಿ ಎರಡು-ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ತಿಂಗಳುಗಟ್ಟಲೆ ದಾಸ್ತಾನು ಮಾಡಬೇಡಿ. ಕೊಠಡಿ ತಾಪಮಾನದಲ್ಲಿ ಎಷ್ಟು ದಿನ ಇಡಬಹುದು ಎಂಬುದು ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಡಬ್ಬಿಯಲ್ಲಿನ ಹಾಳೆಯಲ್ಲಿ ಬರೆದಿರುತ್ತಾರೆ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದನ್ನು ಮಾತ್ರ ಕರಗಿದ ಮೇಲೂ ಬಳಸಬಾರದು, ಅದರ ಪ್ರೋಟೀನು ಕೆಟ್ಟಿರುತ್ತದೆ. ಜ್ವರ ಬಂದರೆ ಮುಂದಿನ ಡೋಸು ತಡೆದು ವೈದ್ಯರಿಗೆ ಹೇಳಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರ, ಬೇಸಿಗೆಯಲ್ಲಿ ಮಂಗನ ಕಾಯಿಲೆ ಇರುವುದರಿಂದ ‘ಸಾದಾ ಜ್ವರ’ ಎಂದು ಕೂರುವ ಹಾಗಿಲ್ಲ. ಒಂದು ಕಣ್ಣು ಕೆಂಪಾಗಿ, ನೋವಿದ್ದು, ಬೆಳಕು ನೋಡಲಾಗದಿದ್ದರೆ ಅದು ಮದ್ರಾಸ್ ಐ ಅಲ್ಲ, ಬಹುಶಃ ಯುವಿಯೈಟಿಸ್ (ಕಣ್ಣಿನೊಳಗಿನ ಉರಿಯೂತ). ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ.

ವ್ಯಾಯಾಮ ದಿನವೂ ಬೇಕು: ಬೆನ್ನನ್ನು ಹಿಂದಕ್ಕೆ ಬಾಗಿಸುವುದು, ಎದೆ ಹಿಗ್ಗಿಸಿ ಉಸಿರಾಡುವುದು, 15-20 ನಿಮಿಷ ಬೋರಲು ಮಲಗುವುದು. ಬೀಡಿ, ಸಿಗರೇಟು ಇದ್ದರೆ ಬಿಡಲೇಬೇಕು. ನಾಟಿ ಮನೆಯಲ್ಲಿ ಬೆನ್ನಿನ ನೆಟಿಕೆ ತೆಗೆಸುವುದು ಬೇಡವೇ ಬೇಡ. ಈ ಕಾಯಿಲೆಯಲ್ಲಿ ಕೂಡಿಕೊಂಡ ಮೂಳೆ ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳು. ಸಣ್ಣ ಏಟಿಗೂ ಮುರಿದು ನರಹುರಿಗೆ ಪೆಟ್ಟು ಬೀಳಬಹುದು. ಅದೇ ಕಾರಣಕ್ಕೆ ಮರ ಹತ್ತಿ ಕೊನೆ ತೆಗೆಯುವ ಕೆಲಸ ಅವನಿಗೆ ಬೇಡ, ದೋಟಿ ಹಿಡಿದು ಕೆಳಗಿನಿಂದ ಮಾಡಲಿ.

ಎಂಜೈಮ್ ಮಾತ್ರೆಗಳ ವಿಷಯ. ಟ್ರಿಪ್ಸಿನ್-ಕೈಮೊಟ್ರಿಪ್ಸಿನ್, ಸೆರಾಷಿಯೊಪೆಪ್ಟಿಡೇಸ್ ಎಂದು ಬರೆದುಕೊಡುವ ಮಾತ್ರೆಗಳು ಬಾವು ಇಳಿಸಲು ಕೊಡುವಂಥವು. ನುಂಗಿದ ಪ್ರೋಟೀನು ಹೊಟ್ಟೆಯಿಂದ ಹೊರಟು ಜೀವಕೋಶದ ಒಳಕೋಣೆಗೆ ಹೋಗಿ ಇರಾಪ್ ಕೆಲಸ ಮಾಡುವ ದಾರಿಯೇ ಇಲ್ಲ. ಇಮ್ಯುನಿಟಿಗೆಂದು ಕುಡಿಯುವ ಅಮೃತಬಳ್ಳಿ ಕಷಾಯವನ್ನು ಮಗನೂ ಅಕ್ಕನವರೂ ಇಬ್ಬರೂ ನಿಲ್ಲಿಸುವುದು ಒಳ್ಳೆಯದು. ಅದನ್ನು ಸೇವಿಸಿದವರಲ್ಲಿ ಆಟೋಇಮ್ಯೂನ್ ರೀತಿಯ (ಕಾವಲು ಕೋಶಗಳು ಸ್ವಂತ ಅಂಗದ ಮೇಲೇ ಬೀಳುವ) ಲಿವರ್ ಉರಿಯೂತ ಕಂಡ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ. ಇಬ್ಬರ ಔಷಧಗಳೂ ಲಿವರಿನ ಮೇಲೆ ಪರಿಣಾಮ ಮಾಡಬಲ್ಲವಾದ್ದರಿಂದ, ಮುಂದೆ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಏರಿದರೆ ಕಾರಣ ಹುಡುಕುವುದೇ ಕಷ್ಟವಾಗುತ್ತದೆ.

ಕ್ಯಾನ್ಸರಿನಲ್ಲಿ ಸಮಸ್ಯೆ ಬೇರೆ: ಮಾದರಿ ಸರಿಯಾಗಿ ಹೊರಗೆ ಬರುವುದಿಲ್ಲ. ಗಡ್ಡೆಯ ಕೋಶಗಳು ಎಚ್‌ಎಲ್‌ಎ ಜೀನನ್ನೇ ಕಳೆದುಕೊಳ್ಳುತ್ತವೆ, ಇಲ್ಲವೇ ಅದಕ್ಕೆ ಆಧಾರವಾದ ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಕೆಡುತ್ತದೆ, ಇಲ್ಲವೇ ಟ್ಯಾಪ್ ತಗ್ಗುತ್ತದೆ. ಇಮ್ಯುನೊಥೆರಪಿಗೆ ಮೊದಲು ಚೆನ್ನಾಗಿ ಒಗ್ಗಿ ಆಮೇಲೆ ಮರಳಿ ಬಂದ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಗಡ್ಡೆಗಳಲ್ಲಿ ಬೀಟಾ-2 ಮೈಕ್ರೊಗ್ಲಾಬ್ಯುಲಿನ್, ಜಾಕ್-1, ಜಾಕ್-2 ಜೀನುಗಳು ಕೆಟ್ಟಿರುವುದು 2016ರಲ್ಲಿ ಕಂಡಿತು. ಜಾಕ್ ಕೆಟ್ಟರೆ, ಟಿ ಕೋಶಗಳು ಕಳಿಸುವ ಇಂಟರ್ಫೆರಾನ್-ಗಾಮಾದ ಸಂಕೇತ ಕೋಶದೊಳಕ್ಕೆ ತಲುಪುವುದಿಲ್ಲ. ಆ ಸಂಕೇತ ತಲುಪಿದರೆ ತಾನೇ ಪ್ರೋಟಿಯಾಸೋಮ್, ಟ್ಯಾಪ್, ಇರಾಪ್, ಎಚ್‌ಎಲ್‌ಎ ಎಲ್ಲ ಒಟ್ಟಿಗೆ ಏರುವುದು? ಬಾಯಿ ಕ್ಯಾನ್ಸರಿನಲ್ಲೂ ಎಚ್‌ಎಲ್‌ಎ ತಗ್ಗುವುದು ಅಪರೂಪವಲ್ಲ.

ಇಲ್ಲಿ ಇರಾಪ್-1 ಇನ್ನೊಂದು ಮುಖ ತೋರಿಸುತ್ತದೆ. ಗಡ್ಡೆಯನ್ನು ಹಿಡಿದುಕೊಡಬಲ್ಲ ಕೆಲವು ಚೂರುಗಳನ್ನು ಅದು ಅತಿಯಾಗಿ ಕತ್ತರಿಸಿ ನಾಶಮಾಡಿಬಿಡುತ್ತದೆ. ಇಲಿಗಳ ಕರುಳಿನ ಕ್ಯಾನ್ಸರ್ ಮಾದರಿಯಾದ ಸಿಟಿ-26ರಲ್ಲಿ ಈ ಎಂಜೈಮನ್ನು ತಗ್ಗಿಸಿದಾಗ, ಅದುವರೆಗೆ ಅಷ್ಟಾಗಿ ಕಾಣದ ಒಂದು ಚೂರು ಹೊರಗೆ ಬಂದು ಟಿ ಕೋಶಗಳು ಅದರ ಮೇಲೆ ಬಿದ್ದವು. ಇನ್ನೊಂದು ದಾರಿಯೂ ಇದೆ. ಎಚ್‌ಎಲ್‌ಎ-ಇ ಎಂಬುದು ಒಂದು ಸಿದ್ಧ ಚೂರನ್ನು ಹಿಡಿದು ಟಿ ಕೋಶ ಮತ್ತು ಎನ್‌ಕೆ ಕೋಶಗಳ (ಇನ್ನೊಂದು ಬಗೆಯ ಕಾವಲು ಕೋಶಗಳು) ಎನ್‌ಕೆಜಿ2ಎ ಎಂಬ ಬ್ರೇಕನ್ನು ಒತ್ತುತ್ತದೆ. ಆ ಚೂರನ್ನು ಅಳತೆಗೆ ತರುವುದೂ ಇರಾಪ್-1. ಎಂಜೈಮ್ ನಿಂತರೆ ಬ್ರೇಕ್ ಬಿಡುತ್ತದೆ. ಈ ಆಧಾರದ ಮೇಲೆ ಇರಾಪ್-1ನ್ನು ತಡೆಯುವ ಮಾತ್ರೆಯನ್ನು (ಜಿಆರ್‌ಡಬ್ಲ್ಯುಡಿ5769 ಎಂಬ ಸಂಕೇತನಾಮದ್ದು) ಕ್ಯಾನ್ಸರ್ ರೋಗಿಗಳಲ್ಲಿ ಪ್ರಯೋಗಕ್ಕೆ ಇಳಿಸಿದ್ದಾರೆ. ಅದು ಪ್ರಯೋಗದ ಹಂತದ ಔಷಧ, ಅಂಗಡಿಯಲ್ಲಿ ಸಿಗುವಂಥದ್ದಲ್ಲ. ನನಗೆ ಇದರ ಮೇಲೆ ನಿಜವಾದ ಭರವಸೆ ಇದೆ, ಜೊತೆಗೆ ಒಂದು ಎಚ್ಚರವೂ ಇದೆ. ಎಂಜೈಮ್ ತಡೆದರೆ ಗಡ್ಡೆಯ ಮಾದರಿ ಮಾತ್ರ ಬದಲಾಗುವುದಿಲ್ಲ, ಆರೋಗ್ಯವಾಗಿರುವ ಕೋಶಗಳದ್ದೂ ಬದಲಾಗುತ್ತದೆ. ಬಿ27 ಇದ್ದವರಿಗೆ ಅದು ಒಳ್ಳೆಯದನ್ನೇ ಮಾಡಬಹುದು, ಬಿ51 ಇದ್ದವರಿಗೆ ಏನಾದೀತು ಎಂದು ಬೆಹ್ಸೆಟ್ ನೆನೆದರೆ ಸಾಕು. ಇರಾಪ್ ತಡೆ ಚಿಕಿತ್ಸೆ ಬಳಕೆಗೆ ಬರುವ ದಿನ ಎಚ್‌ಎಲ್‌ಎ ನೋಡದೆ ಕೊಡುವುದು ಸರಿಯಾಗಲಾರದು ಎಂಬುದು ನನ್ನ ಅಭಿಪ್ರಾಯ.

ಈಗ ಅಕ್ಕನವರಿಗೆ ಹೇಳಿರುವ ಚಿಕಿತ್ಸೆ. ನಿವೊಲುಮ್ಯಾಬ್, ಪೆಂಬ್ರೊಲಿಜುಮ್ಯಾಬ್ ಟಿ ಕೋಶಗಳ ಪಿಡಿ-1 ಎಂಬ ಬ್ರೇಕನ್ನು ಬಿಡಿಸುತ್ತವೆ. ಮಾದರಿ ತಯಾರಿಯನ್ನು ಮುಟ್ಟುವುದಿಲ್ಲ. ಪೂರ್ತಿ ಡೋಸು (ನಿವೊಲುಮ್ಯಾಬ್ 240 ಮಿ.ಗ್ರಾಂ. ಎರಡು ವಾರಕ್ಕೊಮ್ಮೆ) ಬಹಳಷ್ಟು ಮನೆಗಳಿಗೆ ನಿಲುಕುವುದಿಲ್ಲ. ಅದಕ್ಕೇ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಬಾಯಿ-ಗಂಟಲು ಕ್ಯಾನ್ಸರಿನಲ್ಲಿ ಮೂರು ವಾರಕ್ಕೊಮ್ಮೆ ಬರೀ 20 ಮಿ.ಗ್ರಾಂ. ಕೊಟ್ಟು ನೋಡಿದರು. ಜೊತೆಗೆ ಮೆಥೊಟ್ರೆಕ್ಸೇಟ್, ಸೆಲೆಕೊಕ್ಸಿಬ್, ಎರ್ಲೊಟಿನಿಬ್ ಮಾತ್ರೆಗಳು. ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷ ಬದುಕಿದ್ದವರು ಶೇ. 16.3, ಇಂಜೆಕ್ಷನ್ನೂ ಸೇರಿದಾಗ ಶೇ. 43.4. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಣದ ತೊಂದರೆ ಇದ್ದರೆ ಈ ಕಡಿಮೆ ಡೋಸಿನ ಬಗ್ಗೆ ಧೈರ್ಯವಾಗಿ ಕೇಳಿ. ಶಿವಮೊಗ್ಗ, ಮಣಿಪಾಲ, ಬೆಂಗಳೂರು ಎಲ್ಲಿ ತೋರಿಸಿದರೂ ಕ್ಯಾನ್ಸರ್ ವೈದ್ಯರಿಗೆ ಇದು ಗೊತ್ತಿರುವ ವಿಷಯ.

ಬ್ರೇಕ್ ಬಿಡಿಸಿದಾಗ ಗಡ್ಡೆಯ ಮೇಲಿನ ಟಿ ಕೋಶಗಳ ಜೊತೆ, ಸ್ವಂತ ಅಂಗಗಳ ಮಾದರಿಯನ್ನು ಗುರುತಿಸಬಲ್ಲ, ಇದುವರೆಗೆ ಸುಮ್ಮನಿದ್ದ ಟಿ ಕೋಶಗಳೂ ಎದ್ದೇಳಬಹುದು. ನಿಮ್ಮ ಭಯದಲ್ಲಿ ಹುರುಳಿದೆ ಎಂದದ್ದು ಇದಕ್ಕೇ. ಮಗನಿಗೆ ಬಂದ ಬೆನ್ನುಮೂಳೆ ಕಾಯಿಲೆಯೇ ಬರುವುದು ಅಪರೂಪ. ಹೆಚ್ಚಾಗಿ ಬರುವುದು ಚರ್ಮದ ಗಂದೆ, ಥೈರಾಯ್ಡ್ ಏರುಪೇರು, ಕರುಳಿನ ಉರಿಯೂತ, ಲಿವರ್, ಶ್ವಾಸಕೋಶ, ಕೀಲುಗಳ ಉರಿಯೂತ. ಸೋದರಳಿಯನ ಬಿ27 ಕಾರಣಕ್ಕೆ ಅಕ್ಕನವರಿಗೆ ಚಿಕಿತ್ಸೆ ತಪ್ಪಿಸುವ ಅಗತ್ಯವಿಲ್ಲ. ಅವರಿಗೇ ಸ್ವತಃ ಸೋರಿಯಾಸಿಸ್, ಥೈರಾಯ್ಡ್, ಕೀಲುವಾತ, ಕರುಳಿನ ಕಾಯಿಲೆ ಇದ್ದಿದ್ದರೆ ಮಾತ್ರ ಮೊದಲ ಭೇಟಿಯಲ್ಲೇ ಹೇಳಬೇಕು. ಆಗಲೂ ಎಷ್ಟೋ ಸಲ ಕೊಡುತ್ತಾರೆ, ಆದರೆ ಕಾವಲು ಹೆಚ್ಚಿಸುತ್ತಾರೆ.

ಶುರುವಿಗೆ ಮುನ್ನ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಲಿವರ್ ಮತ್ತು ಕಿಡ್ನಿ ಪರೀಕ್ಷೆ, ಇಸಿಜಿ ಇರಲಿ. ಟಿಎಸ್‌ಎಚ್ ನಾಲ್ಕರಿಂದ ಆರು ವಾರಕ್ಕೊಮ್ಮೆ ಮತ್ತೆ ಬೇಕು. ಊರಿನ ಕ್ಲಿನಿಕ್ಕಿನಲ್ಲಿ ನೋವಿಗೆ, ಉಬ್ಬಸಕ್ಕೆ ಎಂದು ಸ್ಟಿರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಚಿಕಿತ್ಸೆ ಶುರುವಾಗುವ ಹೊತ್ತಿಗೆ ಪ್ರೆಡ್ನಿಸೊಲೋನ್ ದಿನಕ್ಕೆ 10 ಮಿ.ಗ್ರಾಂ. ಮೀರಿ ನಡೆಯುತ್ತಿದ್ದವರಲ್ಲಿ ಫಲ ಕಡಿಮೆ ಕಂಡಿದೆ. ಎಲೆ-ಅಡಿಕೆ ಪೂರ್ತಿ ನಿಲ್ಲಬೇಕು. ಅಡಿಕೆ ಬೆಳೆದು ಬದುಕುವ ಮನೆಗೆ ಈ ಮಾತು ಕಹಿ ಎಂದು ಗೊತ್ತು. ಆದರೆ ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ದಾಖಲಿಸಿದೆ.

ಅತಿ ಹೆಚ್ಚು ತಪ್ಪಾಗುವುದು ಭೇದಿಯಲ್ಲಿ. ಮಳೆಗಾಲದಲ್ಲಿ ಭೇದಿ ಆದರೆ ನೀರು ಕೆಟ್ಟಿದೆ ಎಂದುಕೊಂಡು ಲೊಪೆರಮೈಡ್ ನುಂಗಿ ಮನೆಯಲ್ಲೇ ಇರುತ್ತಾರೆ. ಇಮ್ಯುನೊಥೆರಪಿಯಲ್ಲಿರುವವರಿಗೆ ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ ಅಂದೇ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಬೇಕು. ಏಳಕ್ಕೇರಿದರೆ, ರಕ್ತ ಬಿದ್ದರೆ, ಹೊಟ್ಟೆ ಬಿಗಿದು ನೋವಾದರೆ ಅಡ್ಮಿಟ್ ಆಗಬೇಕು. ಸೋಂಕಿಲ್ಲವೆಂದು ಮಲ ಪರೀಕ್ಷೆ ಮಾಡಿ, ಪ್ರೆಡ್ನಿಸೊಲೋನ್ ತೂಕದ ಕಿಲೋಗೆ 1ರಿಂದ 2 ಮಿ.ಗ್ರಾಂ. ಲೆಕ್ಕದಲ್ಲಿ ಶುರು ಮಾಡುತ್ತಾರೆ. ಹೊಸ ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಥಂಡಿ ಎಂದು ಬಿಡಬೇಡಿ, ಸಿ.ಟಿ. ಸ್ಕ್ಯಾನ್ ಬೇಕಾಗಬಹುದು. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ ಬಂದರೆ ಸಕ್ಕರೆ ನೋಡಿಸಿ, ಟೈಪ್-1 ಮಧುಮೇಹ ಕೆಲವೇ ದಿನಗಳಲ್ಲಿ ಬಂದುಬಿಡಬಲ್ಲದು. ಎದೆನೋವು, ರೆಪ್ಪೆ ಇಳಿಬೀಳುವುದು, ನುಂಗಲಾಗದಿರುವುದು ಅಪರೂಪ. ಆದರೆ ಹೃದಯದ ಸ್ನಾಯುವಿಗೆ ಉರಿಯೂತವಾಗಿರಬಹುದಾದ್ದರಿಂದ ಒಂದು ರಾತ್ರಿಯೂ ಕಾಯಬೇಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿ.ಮೀ., ಅಲ್ಲಿ ಮೆಗ್ಗಾನ್ ಆಸ್ಪತ್ರೆ ಇದೆ. ಮಣಿಪಾಲಕ್ಕೆ ಆಗುಂಬೆ ಘಾಟಿ ಇಳಿಯಬೇಕು, ಮಳೆಗಾಲದಲ್ಲಿ ಅದು ಯಾವಾಗ ಮುಚ್ಚುತ್ತದೋ ಹೇಳಲಾಗದು. ರಾತ್ರಿ ತೊಂದರೆಯಾದರೆ ಯಾವ ಕಡೆ ಹೋಗುವುದು ಎಂದು ಮೊದಲ ಡೋಸಿಗೂ ಮುಂಚೆ ತೀರ್ಮಾನಿಸಿಡಿ.

ಸ್ಟಿರಾಯ್ಡ್ ಶುರುವಾಗಿ ಎರಡೇ ದಿನಕ್ಕೆ ಆರಾಮ ಎನಿಸಬಹುದು, ಹಾಗೆಂದು ನಿಲ್ಲಿಸಬೇಡಿ. ನಾಲ್ಕರಿಂದ ಆರು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು, ಬೇಗ ಇಳಿಸಿದರೆ ಉರಿಯೂತ ಮರುಕಳಿಸುತ್ತದೆ. ಈ ತೊಂದರೆಗಳು ಕೊನೆಯ ಇಂಜೆಕ್ಷನ್ ಆಗಿ ತಿಂಗಳುಗಳ ನಂತರವೂ ಬರಬಹುದು. ಆದ್ದರಿಂದ ಔಷಧದ ಹೆಸರು, ಕೊನೆಯ ಡೋಸಿನ ತಾರೀಖು, ಕ್ಯಾನ್ಸರ್ ವೈದ್ಯರ ಫೋನ್ ನಂಬರ್ ಬರೆದ ಚೀಟಿ ಅಕ್ಕನವರ ಪರ್ಸಿನಲ್ಲಿ ಒಂದು ವರ್ಷವಾದರೂ ಇರಲಿ. ‘ಕೀಮೊ ಆಗಿದೆ’ ಎಂದಷ್ಟೇ ಹೇಳಿದರೆ ರಾತ್ರಿ ಪಾಳಿಯ ವೈದ್ಯರು ಸೋಂಕೆಂದೇ ಭಾವಿಸಿ ಆ್ಯಂಟಿಬಯೋಟಿಕ್ ಕೊಡುತ್ತಾರೆ. ‘ಪಿಡಿ-1 ಇಮ್ಯುನೊಥೆರಪಿ’ ಎಂದೇ ಹೇಳಿ.